ರೇಡಿಯೊದ ‘ಡುಬ್ ಡುಬ್’ ಸದ್ದು: ತಪ್ಪು ಎಲ್ಲಿದೆ?

ನಮ್ಮ ದಾದಾ ದಿನಾಲೂ ನಸುಕಿನಲ್ಲಿ ಮಲ್ಲಿಗೆ ಬಿಡಿಸಲು ಹೊಲಕ್ಕೆ ಹೋಗುತ್ತಾರೆ. ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಹೀಗಾಗಿ 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಯೇ ಅವರ ಪತ್ರಿಕೆ. ಅವರ ಹಳೆಯ ರೇಡಿಯೊ ಕೆಟ್ಟಾಗ, ಕಾಮರ್ಸ್ ವಿದ್ಯಾರ್ಥಿಯಾದ ನಾನು ಧೈರ್ಯ ಮಾಡಿ ಒಂದನ್ನು ಮನೆಯಲ್ಲೇ ತಯಾರಿಸಿದೆ. ಸ್ಟೇಷನ್ ಹಿಡಿಯಲು ಟಿಎ7642 ಐಸಿ, ಸ್ಪೀಕರ್ ನಡೆಸಲು ಎಲ್‌ಎಂ386 ಐಸಿ, ಎರಡಕ್ಕೂ ಒಂದೇ 9 ವೋಲ್ಟ್ ಬ್ಯಾಟರಿ.

ಮೊದಲ ಕೆಲವು ದಿನ ಚೆನ್ನಾಗಿ ಹಾಡಿತು. ಆಮೇಲೆ ದನಿ ಏರಿಸಿದರೆ ಸಾಕು, ದೋಣಿಯ ಇಂಜಿನ್‌ನಂತೆ ‘ಡುಬ್ ಡುಬ್’ ಸದ್ದು. ನಾನು ಎರಡು ಐಸಿಗಳನ್ನು ಬದಲಿಸಿದೆ, ದುಡ್ಡು ಹಾಳಾಯಿತೇ ವಿನಾ ಸದ್ದು ಹೋಗಲಿಲ್ಲ. ದಾದಾ ಮಾತ್ರ ‘ಅಚ್ಛಾ ಹೈ ಬೇಟಾ’ ಎನ್ನುತ್ತಿದ್ದರು. ಹೊಲದಲ್ಲಿ ಅದನ್ನು ಬಂದ್ ಮಾಡಿ ಇಡುತ್ತಿದ್ದರೆಂದು ನನಗೆ ನಂತರ ತಿಳಿಯಿತು.

ನಿಮ್ಮ ರೇಡಿಯೊದಲ್ಲೂ ಸದ್ದು ಬಂದರೆ ಈ ಕ್ರಮದಲ್ಲಿ ಪರೀಕ್ಷಿಸಿ:

1. ರೇಡಿಯೊವನ್ನು ಮನೆಯಿಂದ ದೂರ ಒಯ್ಯಿರಿ, ಅಥವಾ ಕರೆಂಟ್ ಹೋದಾಗ ಕೇಳಿ. ಸದ್ದು ನಿಂತರೆ ತಪ್ಪು ರೇಡಿಯೊದ್ದಲ್ಲ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್‌ಗಳು ಮೀಡಿಯಂ ವೇವ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ನಮ್ಮದು ಹೊಲದಲ್ಲೂ ಸದ್ದು ಮಾಡುತ್ತಿತ್ತು. ಅಂದರೆ ತಪ್ಪು ಒಳಗೇ ಇತ್ತು.

2. ದನಿಯನ್ನು ನಿಧಾನ ಏರಿಸಿ. ಒಂದು ಹಂತ ದಾಟಿದ ಕೂಡಲೇ ‘ಡುಬ್ ಡುಬ್’ ಶುರುವಾದರೆ ಬ್ಯಾಟರಿಯ ಮೇಲೆ ಅನುಮಾನ ಪಡಿ.

3. ರೇಡಿಯೊ ಹಾಡುತ್ತಿರುವಾಗಲೇ ಬ್ಯಾಟರಿಯನ್ನು ಮೀಟರ್‌ನಿಂದ ಅಳೆಯಿರಿ. ನಾನು ಮೋಸ ಹೋದದ್ದು ಇಲ್ಲೇ. ಬಿಚ್ಚಿಟ್ಟು ಅಳೆದಾಗ 8.4 ವೋಲ್ಟ್ ತೋರಿಸಿದ ಬ್ಯಾಟರಿ, ಹಾಡುವಾಗ 6.4ಕ್ಕೆ ಇಳಿಯುತ್ತಿತ್ತು.

ಹೀಗೇಕೆ? ಬ್ಯಾಟರಿ ಹಳತಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ರೋಧ 20 ಓಮ್ ಇದ್ದು, ಸ್ಪೀಕರ್‌ಗಾಗಿ 0.1 ಆಂಪಿಯರ್ ಎಳೆದರೆ 2 ವೋಲ್ಟ್ ಒಳಗೇ ಕಳೆದುಹೋಗುತ್ತದೆ. ಅದೇ ತಂತಿಯಿಂದ ನಡೆಯುವ ಟಿಎ7642 ಈ ಏರಿಳಿತವನ್ನೂ ಸಿಗ್ನಲ್ ಎಂದು ಭಾವಿಸಿ ಮುಂದಕ್ಕೆ ಕಳಿಸುತ್ತದೆ. ಎಲ್‌ಎಂ386 ಅದನ್ನು ದೊಡ್ಡದು ಮಾಡುತ್ತದೆ, ವೋಲ್ಟೇಜ್ ಮತ್ತೆ ಕುಸಿಯುತ್ತದೆ. ಈ ಸುತ್ತು ನಿಲ್ಲುವುದೇ ಇಲ್ಲ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಟರಿ ಬ್ಯಾಂಕ್ ಇದ್ದಂತೆ, ಕೆಪಾಸಿಟರ್ ಅಂಗಡಿಯ ಗಲ್ಲಾಪೆಟ್ಟಿಗೆ ಇದ್ದಂತೆ. ಪ್ರತಿ ಗಿರಾಕಿಗೆ ಚಿಲ್ಲರೆ ಕೊಡಲು ಬ್ಯಾಂಕಿಗೆ ಓಡಿದರೆ ವ್ಯಾಪಾರ ನಡೆಯದು. ಗಲ್ಲಾದಲ್ಲಿ ನಗದು ಇರಬೇಕು.

ಆದ್ದರಿಂದ ಎಲ್‌ಎಂ386ರ 6 ಮತ್ತು 4ನೇ ಕಾಲಿನ ನಡುವೆ, ಹತ್ತಿರದಲ್ಲೇ, 470 ಮೈಕ್ರೋಫ್ಯಾರಡ್, 16 ವೋಲ್ಟ್‌ನ ಕೆಪಾಸಿಟರ್ ಹಾಕಿದೆ. ಪಕ್ಕದಲ್ಲಿ 0.1 ಮೈಕ್ರೋಫ್ಯಾರಡ್‌ನದೊಂದು. ಟಿಎ7642 ಕಡೆ ಹೋಗುವ ಪ್ಲಸ್ ತಂತಿಯಲ್ಲಿ 220 ಓಮ್ ರೆಸಿಸ್ಟರ್ ಸೇರಿಸಿ, ಅದರಾಚೆ ತಂತಿಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಕೊಟ್ಟೆ. ಇದರಿಂದ ಸ್ಪೀಕರ್‌ನ ಏರಿಳಿತ ಅತ್ತ ತಲುಪುವುದಿಲ್ಲ. ದೊಡ್ಡ ಕೆಪಾಸಿಟರ್‌ಗಳ ಪ್ಲಸ್, ಮೈನಸ್ ತಪ್ಪಿಸಬೇಡಿ. ಉಲ್ಟಾ ಹಾಕಿದರೆ ಸಿಡಿಯಬಹುದು.

ಕೆಪಾಸಿಟರ್ ಹಾಕಿದರೂ ಪೂರ್ತಿ ಸತ್ತ ಬ್ಯಾಟರಿ ಬದುಕುವುದಿಲ್ಲ, ಅದನ್ನು ಬದಲಿಸಲೇಬೇಕು. ಆದರೆ ಅರ್ಧ ಸವೆದ ಬ್ಯಾಟರಿಯಲ್ಲೂ ನಮ್ಮ ರೇಡಿಯೊ ಈಗ ಸ್ಪಷ್ಟವಾಗಿ ಹಾಡುತ್ತದೆ. ಮೊನ್ನೆ ನಾನೂ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲಿದ್ದ ರೇಡಿಯೊದ ದನಿಯನ್ನು ದಾದಾ ತಾವೇ ಏರಿಸಿದರು.