ಹೊಯಿಗೆಯ ಊರಿನಲ್ಲಿ ಹಳೆಯ ಮೋಟಾರ್ ಸೈಕಲು

ಮಂಗಳೂರಿನ ಹಳೆಯ ಬಂದರದಲ್ಲಿ ದೋಣಿ ಹತ್ತಿ ಫಲ್ಗುಣಿ ನದಿಯನ್ನು ದಾಟಿದರೆ ಬೆಂಗ್ರೆ ಸಿಗುತ್ತದೆ. ಗುರುಪುರ ನದಿಯೆಂದೂ ಹೆಸರಾದ ಈ ಹೊಳೆ ಕಡಲಿನ ಹತ್ತಿರಕ್ಕೆ ಬಂದ ಮೇಲೂ ಅದನ್ನು ಕೂಡಲೆ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ದಂಡೆಯ ಗುಂಟ ಹರಿದು, ನೇತ್ರಾವತಿಯೊಡನೆ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಹೀಗೆ ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ನೀಳವಾದ ಪಟ್ಟಿಯೇ ಬೆಂಗ್ರೆ. ಪೂರ್ವದಲ್ಲಿ ಬಂದರದ ದಕ್ಕೆ ಮತ್ತು ಮೀನುಗಾರರ ದೋಣಿಗಳು, ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ಕಾಲ ಕೆಳಗೆ ಈ ಕಡೆಯವರು ಹೊಯಿಗೆ ಎಂದು ಕರೆಯುವ ಮರಳು.

ಕಾಲೇಜಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಇಲ್ಲಿ ಒಂದು ಹಳೆಯ ಮೋಟಾರ್ ಸೈಕಲು ಮಾರಾಟಕ್ಕಿದೆಯೆಂದು ಕೇಳಿ, ಅದನ್ನು ಪರೀಕ್ಷಿಸಲು ನನ್ನನ್ನು ಜೊತೆಗೆ ಕರೆದೊಯ್ದನು. ಎರಡು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣವೆಲ್ಲವೂ ಅವನ ಜೇಬಿನಲ್ಲಿತ್ತು. ಬಂಡಿ ಕೆಟ್ಟದ್ದಾದರೆ ಆ ಹಣ ಮರಳಿ ಬರುವಂತಿರಲಿಲ್ಲ.

ಅವನಿಗೆ ಬೇಕಾಗಿದ್ದುದು 'ಟ್ರೇಲ್' ಬಂಡಿ. ಡಾಮರು ರಸ್ತೆಯಲ್ಲಿಯೂ ಕಾಡುದಾರಿ, ಮರಳುದಾರಿಗಳಲ್ಲಿಯೂ ಓಡಬಲ್ಲ, ಹಗುರವಾದ, ನೆಲದಿಂದ ಎತ್ತರವಾಗಿ ನಿಂತ ಮೋಟಾರ್ ಸೈಕಲಿಗೆ ಆ ಹೆಸರು. ಜಪಾನಿನ ಯಮಾಹಾ ಕಂಪೆನಿ 1968ರಲ್ಲಿ ಹೊರತಂದ 'ಡಿಟಿ-1' ಎಂಬ ಬಂಡಿ ಈ ಜಾತಿಯನ್ನು ಲೋಕಪ್ರಸಿದ್ಧ ಮಾಡಿತು. ಅದರಲ್ಲಿದ್ದುದು ಟೂ-ಸ್ಟ್ರೋಕ್, ಎಂದರೆ ಎರಡು ಹೊಡೆತದ, ಎಂಜಿನು. ನಮ್ಮ ದೇಶದ ಸಾಮಾನ್ಯ ಗ್ರಾಹಕನಿಗೆ ಅಂತಹ ಬಂಡಿ ಆಗ ಸುಲಭವಾಗಿ ದೊರೆಯುತ್ತಿರಲಿಲ್ಲ. ಆದುದರಿಂದ ಉತ್ಸಾಹಿಗಳು ಮೈಸೂರಿನಲ್ಲಿ ತಯಾರಾದ ಬಂಡಿಗಳನ್ನೇ ಮಾರ್ಪಡಿಸಿಕೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಚೆಕೊಸ್ಲೊವಾಕಿಯದ ಜಾವಾ ಬಂಡಿಗಳು ತಯಾರಾದವು. 1973ರಿಂದ ಅವೇ ಯೆಜ್ದಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. (2018ರ ಅನಂತರ ಮರಳಿ ಬಂದ ಜಾವಾ, ಯೆಜ್ದಿಗಳ ಎಂಜಿನು ನಾಲ್ಕು ಹೊಡೆತದ್ದು, ಹೆಸರೊಂದೇ ಆದರೂ ಯಂತ್ರ ಬೇರೆ.) ನಾವು ನೋಡಲು ಹೋದುದು ಇಂತಹ ಒಂದು ಹಳೆಯ 250 ಸಿ.ಸಿ. ಯೆಜ್ದಿಯನ್ನು. ಗುಬುಟು ಗುಬುಟಿನ ಟಯರು ಹಾಕಿ, ಸೈಲೆನ್ಸರನ್ನು ಮೇಲಕ್ಕೆತ್ತಿ ಕಟ್ಟಿ, ಅದಕ್ಕೆ ಟ್ರೇಲ್ ಬಂಡಿಯ ವೇಷ ಹಾಕಿದ್ದರು.

"ಎಂಜಿನ್ ಬೆಣ್ಣೆಯ ಹಾಗೆ ಉಂಟು ಮಾರಾಯರೆ, ಎಂತ ನೋಡುವುದು?" ಎಂದರು ಮಾಲಿಕರು. ಒಂದೇ ಒದೆತಕ್ಕೆ ಎಂಜಿನು ಓಡತೊಡಗಿತು. ಹುಡುಗನ ಮುಖ ಅರಳಿತು. ನಾನು ಸಿಲಿಂಡರಿನ ಹತ್ತಿರ ಕೈ ಹಿಡಿದೆನು. ಅದು ನಾವು ಬರುವುದಕ್ಕೆ ಮೊದಲೇ ಬಿಸಿಯಾಗಿತ್ತು. ಬಿಸಿಯಾದ ಎಂಜಿನು ತನ್ನ ಎಷ್ಟೋ ದೋಷಗಳನ್ನು ಮುಚ್ಚಿಕೊಳ್ಳುತ್ತದೆ. ಅದು ತಣಿಯುವವರೆಗೆ ನಾವು ತೆಂಗಿನ ಮರದ ನೆರಳಿನಲ್ಲಿ ಕುಳಿತೆವು. ಆ ಬಿಡುವಿನಲ್ಲಿ ಹುಡುಗನಿಗೆ ಹೇಳಿದುದನ್ನೇ ವಾಚಕರಿಗೂ ಹೇಳುತ್ತೇನೆ.

ನಾಲ್ಕು ಹೊಡೆತದ ಎಂಜಿನಿನಲ್ಲಿ ಪೆಟ್ರೋಲು ಬೆರೆತ ಗಾಳಿ ನೇರವಾಗಿ ಪಿಸ್ಟನಿನ ಮೇಲ್ಭಾಗಕ್ಕೆ ಬರುತ್ತದೆ. ಅದಕ್ಕೆ ಬಾಗಿಲು ಹಾಕಿ ತೆಗೆಯಲು ವಾಲ್ವುಗಳಿವೆ. ಎರಡು ಹೊಡೆತದ ಈ ಎಂಜಿನಿನಲ್ಲಿ ವಾಲ್ವುಗಳೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಏರಿಳಿಯುವ ಪಿಸ್ಟನೇ ಅವುಗಳ ಕದ. ಪಿಸ್ಟನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ಕಡಿಮೆಯಾಗಿ, ಪೆಟ್ರೋಲು, ಎಣ್ಣೆ ಮತ್ತು ಗಾಳಿಯ ಮಿಶ್ರಣ ಒಳಕ್ಕೆ ಸೆಳೆಯಲ್ಪಡುತ್ತದೆ. ಕೆಳಗಿಳಿಯುವಾಗ ಅದೇ ಪಿಸ್ಟನು ಆ ಮಿಶ್ರಣವನ್ನು ಒತ್ತಿ, ಪಕ್ಕದ ದಾರಿಗಳಿಂದ ಸಿಲಿಂಡರಿನ ಮೇಲ್ಭಾಗಕ್ಕೆ ತಳ್ಳುತ್ತದೆ. ಎಂದರೆ, ಎಂಜಿನಿನ ಹೊಟ್ಟೆಯೇ ಅದರ ತಿದಿ. ಈ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬಾತನು ಬಳಕೆಗೆ ತಂದನು.

ತಿದಿಗೆ ತೂತು ಬಿದ್ದರೆ ಅಕ್ಕಸಾಲಿಗನ ಬೆಂಕಿ ಏಳುವುದಿಲ್ಲ. ಇಲ್ಲಿಯೂ ಹಾಗೆಯೇ. ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಉಂಟಾಗುವ ಒತ್ತಡ ವಾತಾವರಣದ ಒತ್ತಡದ ಒಂದೂವರೆ ಪಟ್ಟನ್ನು ಮೀರುವುದಿಲ್ಲ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಈ ಉಸಿರಾಟ ನಡೆಯಬೇಕು. ಮಿಶ್ರಣ ಮೇಲೇರಲು ಪ್ರತಿ ಸಲವೂ ದೊರೆಯುವ ಸಮಯ ಒಂದು ಸೆಕೆಂಡಿನ ಸುಮಾರು ನೂರೈವತ್ತನೆಯ ಒಂದಂಶ. ಇಷ್ಟು ಸಣ್ಣ ಒತ್ತಡ, ಇಷ್ಟು ಕಿರಿದಾದ ಕಾಲ. ಇದರಲ್ಲಿ ಕೂದಲೆಳೆಯಷ್ಟು ಸೋರಿಕೆಯೂ ಲೆಕ್ಕಕ್ಕೆ ಬರುತ್ತದೆ. ಕ್ರ್ಯಾಂಕಿನ ಎರಡು ತುದಿಗಳಲ್ಲಿ ರಬ್ಬರಿನ ಎರಡು ಉಂಗುರಗಳು ಈ ಸೋರಿಕೆಯನ್ನು ತಡೆಯುತ್ತವೆ. ಗ್ಯಾರೇಜಿನಲ್ಲಿ ಇವುಗಳನ್ನು ಆಯಿಲ್ ಸೀಲು ಎನ್ನುತ್ತಾರೆ. ಬಣ್ಣ, ಸೀಟು, ಹೊಳೆಯುವ ಟ್ಯಾಂಕು ಇವೆಲ್ಲಕ್ಕಿಂತ ಮೊದಲು ಈ ಎರಡು ಉಂಗುರಗಳ ಆರೋಗ್ಯವನ್ನು ವಿಚಾರಿಸಬೇಕು.

ಬೆಂಗ್ರೆಯ ಮರಳು ಈ ವಿಚಾರದಲ್ಲಿ ಬಹಳ ಮುಖ್ಯ. ಮರಳಿನಲ್ಲಿರುವ ಸ್ಫಟಿಕಶಿಲೆಯ ಕಾಠಿನ್ಯ ಮೋಸ್ ಮಾಪಕದಲ್ಲಿ 7; ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆದು. ನಾಲ್ಕು ಹೊಡೆತದ ಎಂಜಿನಿನಲ್ಲಿ ಗಾಳಿಯೊಡನೆ ಬಂದ ಹೊಯಿಗೆಯ ಕಣ ಮೊದಲು ಸಿಲಿಂಡರಿನ ಮೇಲ್ಭಾಗವನ್ನು ಮಾತ್ರ ಸೇರುತ್ತದೆ. ಇಲ್ಲಿ ಗಾಳಿಯ ದಾರಿಯೇ ಹೊಟ್ಟೆಯ ಮೂಲಕವಾದುದರಿಂದ, ಆ ಕಣ ಕ್ರ್ಯಾಂಕಿನ ಬೇರಿಂಗುಗಳನ್ನೂ ಸೀಲುಗಳ ತುಟಿಯನ್ನೂ ನೇರವಾಗಿ ಮುಟ್ಟಿ ಅರೆಯುತ್ತದೆ. ಆದಕಾರಣ ಮೊದಲು ಬಿಚ್ಚಬೇಕಾದುದು ಗಾಳಿಯ ಶೋಧಕವನ್ನು. ಅದು ಹರಿದಿದ್ದರೆ, ಅಥವಾ ಕಾರ್ಬೊರೇಟರಿನ ಬಾಯಿಯಲ್ಲಿ ಬೆರಳಾಡಿಸಿದಾಗ ಮರಳು ಗರಗರ ಎಂದು ತಗಲಿದರೆ, ಉಳಿದ ಪರೀಕ್ಷೆ ಮಾಡದೆಯೇ ಮನೆಗೆ ಮರಳಬಹುದು. ನಮ್ಮ ಬಂಡಿಯ ಶೋಧಕ ಹಳೆಯದಾಗಿದ್ದರೂ ಶುದ್ಧವಾಗಿತ್ತು.

ಎಂಜಿನು ತಣಿದ ಮೇಲೆ ಕೆಲಸಕ್ಕೆ ತೊಡಗಿದೆವು. ಎಂಜಿನಿಗೆ ಹೊಗೆಕೊಳವೆಯನ್ನು ಬಿಗಿದಿರುವ ದೊಡ್ಡ ನಟ್ಟನ್ನು ಬಿಚ್ಚಿದರೆ ಕಿಂಡಿಯೊಳಗೆ ಪಿಸ್ಟನಿನ ಪಕ್ಕವೇ ಕಾಣುತ್ತದೆ. ತಲೆ ಬಿಚ್ಚದೆ ಒಳಗನ್ನು ನೋಡುವ ಈ ಸೌಕರ್ಯ ಕಿಂಡಿಯ ಎಂಜಿನಿನ ದೊಡ್ಡ ಗುಣ. ಉದ್ದನೆಯ ಆಳವಾದ ಗೀರುಗಳಿದ್ದರೆ ಪಿಸ್ಟನು ಹಿಂದೊಮ್ಮೆ ಸಿಲಿಂಡರಿನಲ್ಲಿ ಕಚ್ಚಿಕೊಂಡಿತ್ತೆಂದು ತಿಳಿಯಬೇಕು. ಅಲ್ಯುಮಿನಿಯಮ್ ಮಿಶ್ರಲೋಹದ ಪಿಸ್ಟನು ಕಾದಾಗ ಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಣ್ಣೆಯ ಪದರ ತೆಳುವಾದರೆ ಎರಡೂ ಅಂಟಿಕೊಳ್ಳುತ್ತವೆ, ಓಡುತ್ತಿರುವ ಬಂಡಿಯ ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಇಳಿಯುವವರಿಗೆ ಈ ಅಪಾಯ ಹೆಚ್ಚು. ಏಕೆಂದರೆ ಎಣ್ಣೆ ಬರುವುದು ಪೆಟ್ರೋಲಿನೊಡನೆ, ಪೆಟ್ರೋಲು ನಿಂತರೆ ಎಣ್ಣೆಯೂ ನಿಲ್ಲುತ್ತದೆ. ಚಾರ್ಮಾಡಿ, ಶಿರಾಡಿ ಘಟ್ಟಗಳನ್ನು ಇಳಿಯುವ ಹುಡುಗರು ಇದನ್ನು ಮರೆಯಬಾರದು. ನಾವು ನೋಡಿದ ಪಿಸ್ಟನಿನಲ್ಲಿ ಗೆರೆಗಳಿದ್ದವು, ಉಗುರಿಗೆ ತಗಲುವಷ್ಟು ಆಳವಿರಲಿಲ್ಲ. ಬಳಿಕ ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಪಿಸ್ಟನು ತುದಿ ದಾಟಿದ ಜಾಗದಲ್ಲಿ ಕ್ರ್ಯಾಂಕನ್ನು ಹಿಂದೆ ಮುಂದೆ ಅಲುಗಿಸಿದೆವು. 'ಟಕ್' ಎಂಬ ಸದ್ದು ಬಂದರೆ ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದೆ ಎಂದರ್ಥ. ಸದ್ದು ಬರಲಿಲ್ಲ.

ಈಗ ಸೀಲುಗಳ ಸರದಿ. ಯೆಜ್ದಿಯ ಎಡಬದಿಯ ಸೀಲು ಕ್ಲಚ್ಚಿನ ಕಡೆಗಿದೆ. ಅದು ಹೋದರೆ ಎಂಜಿನು ಗೇರಿನ ಎಣ್ಣೆಯನ್ನು ಹೀರಿ ಸುಡುತ್ತದೆ: ಬಿಸಿಯಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲುವುದಿಲ್ಲ, ಗೇರುಪೆಟ್ಟಿಗೆಯ ಎಣ್ಣೆ ಇಳಿಯುತ್ತ ಹೋಗುತ್ತದೆ. ಬಲಬದಿಯದು ವಿದ್ಯುತ್ತು ಹುಟ್ಟಿಸುವ ಯಂತ್ರದ ಕಡೆಗೆ. ಅದು ಸೋರಿದರೆ ಹೊಗೆಯೇ ಕಾಣದು. ಒಳಕ್ಕೆ ಬರಿಯ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನು ಕಾಯುತ್ತದೆ, ಕಡೆಗೆ ಮೇಲೆ ಹೇಳಿದಂತೆ ಕಚ್ಚಿಕೊಳ್ಳುತ್ತದೆ. ಇದನ್ನು ಕಂಡುಹಿಡಿಯಲು ಉಪಕರಣ ಬೇಡ. ಬಿಸಿಯಾದ ಎಂಜಿನಿನ ಆಕ್ಸಿಲರೇಟರನ್ನು ತಿರುಗಿಸಿ ಬಿಟ್ಟಾಗ ಅದು ಕೂಡಲೆ ಮಂದಗತಿಗೆ ಇಳಿಯಬೇಕು. ಇಳಿಯದೆ ವೇಗದಲ್ಲಿಯೇ ತೇಲುತ್ತಿದ್ದರೆ ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ. ನಮ್ಮ ಯೆಜ್ದಿ ತೇಲಿತು. ಹುಡುಗನು, "ಮಾವ, ಎಷ್ಟು ಚುರುಕಾಗಿದೆ ನೋಡಿ!" ಎಂದನು. ಆ ಚುರುಕೇ ರೋಗವೆಂದು ತಿಳಿಸಬೇಕಾಯಿತು.

ಈಗಿನ ಪೆಟ್ರೋಲು ಈ ರೋಗವನ್ನು ಹೆಚ್ಚಿಸುತ್ತದೆ. ಅದರಲ್ಲಿ ಶೇಕಡಾ 20ರವರೆಗೆ ಇಥನಾಲ್ ಬೆರೆತಿದೆ. ಇಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬೊರೇಟರಿನಲ್ಲಿ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಆ ಕಾಲದ ರಬ್ಬರು ಅದಕ್ಕೆಂದು ಮಾಡಿದ್ದಲ್ಲ.

ಇನ್ನು ಉಪ್ಪು. ಗಾಳಿಯ ಆರ್ದ್ರತೆ ಶೇಕಡಾ 75ನ್ನು ದಾಟಿದಾಗ ಅಡಿಗೆಯ ಉಪ್ಪು ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ. ಕರಾವಳಿಯಲ್ಲಿ ಆರ್ದ್ರತೆ ಆಗಾಗ ಅದನ್ನು ಮೀರುತ್ತದೆ. ಆದುದರಿಂದ ಕಡಲ ಗಾಳಿ ತಂದು ಕೂರಿಸಿದ ಉಪ್ಪು, ಮಳೆಯಿಲ್ಲದ ದಿನದಲ್ಲಿಯೂ ಉಕ್ಕಿನ ಮೇಲೆ ಒದ್ದೆಯಾಗಿಯೇ ಇದ್ದು ತುಕ್ಕನ್ನು ಬೆಳೆಸುತ್ತದೆ. ಹೊರಗಿನ ತುಕ್ಕಿಗೆ ಹೆದರಬೇಕಾಗಿಲ್ಲ. ಕೊಳವೆಗಳ ಒಳಗಿನದು ಕೊಲ್ಲುವ ತುಕ್ಕು. ಚಾಸಿಸನ್ನು ಸ್ಪ್ಯಾನರಿನಿಂದ ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿ ಜಾಗ ನಾದ ಕೊಡುತ್ತದೆ, ಸವೆದ ಜಾಗ ಬೊದಬೊದ ಎನ್ನುತ್ತದೆ. ಬ್ಯಾಟರಿಯ ಕೆಳಗೆ, ಬೆಸುಗೆಯ ಸಂದುಗಳಲ್ಲಿ ವಿಶೇಷವಾಗಿ ತಟ್ಟಬೇಕು. ಚಕ್ರದ ಕಡ್ಡಿಗಳನ್ನೂ ಹೀಗೆಯೇ ಮೀಟಿ ನೋಡಬಹುದು.

ಮೇಲಕ್ಕೆತ್ತಿದ ಸೈಲೆನ್ಸರನ್ನು ಮಾತ್ರ ನಾನು ಒಪ್ಪಲಿಲ್ಲ. ಅದನ್ನು ಹಾಗೆ ಕಟ್ಟಲು ಅರ್ಧಕ್ಕೆ ಕತ್ತರಿಸಿದ್ದರು. ಎರಡು ಹೊಡೆತದ ಎಂಜಿನಿಗೆ ಹೊಗೆಕೊಳವೆ ಸದ್ದಡಗಿಸುವ ಡಬ್ಬಿ ಮಾತ್ರವಲ್ಲ. ಹೊರನುಗ್ಗಿದ ಹೊಗೆಯ ಒತ್ತಡದ ಅಲೆ ಕೊಳವೆಯೊಳಗೆ ತಾಗಿ ಹಿಂತಿರುಗಿ, ತೆರೆದ ಕಿಂಡಿಯಿಂದ ಹೊರಗೋಡುತ್ತಿರುವ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳಬೇಕು. ಕೊಳವೆಯ ಉದ್ದ ಇದಕ್ಕೆ ಸರಿಯಾಗಿರಬೇಕು. ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಈ ಅಲೆಯನ್ನು ಪಳಗಿಸಿಯೇ ಸಣ್ಣ ಎಂಜಿನುಗಳಿಂದ ಅಚ್ಚರಿಯ ಶಕ್ತಿ ಪಡೆದನು. ಮನಬಂದಂತೆ ಕತ್ತರಿಸಿದರೆ ಹೆಚ್ಚುವುದು ಸದ್ದೇ ಹೊರತು ಶಕ್ತಿಯಲ್ಲ. ತಯಾರಕರ ರಚನೆಯನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯ ಅಡ್ಡಿಯೂ ಇದೆ.

ಕಾಗದಪತ್ರಗಳ ವಿಷಯ ಚಿಕ್ಕದು, ಆದರೆ ತಪ್ಪಿದರೆ ಬಂಡಿಯೇ ಇಲ್ಲದಂತೆ. ನೋಂದಣಿಯ ಅವಧಿ 15 ವರ್ಷ, ಅನಂತರ 5 ವರ್ಷಕ್ಕೊಮ್ಮೆ ನವೀಕರಣ. ಕಾರ್ಖಾನೆ 1996ರಲ್ಲಿ ಮುಚ್ಚಿದುದರಿಂದ ಹಳೆಯ ಯೆಜ್ದಿಗಳೆಲ್ಲವೂ ಆ ಮೊದಲ ಅವಧಿಯನ್ನು ದಾಟಿವೆ. ನವೀಕರಣವಾಗಿದೆಯೇ ಎಂದು ಮೊದಲು ಕೇಳಬೇಕು. ಚಾಸಿಸಿನ ಮತ್ತು ಎಂಜಿನಿನ ಅಂಕೆಗಳನ್ನು ಆರ್.ಸಿ. ಪುಸ್ತಕದೊಡನೆ ಒಂದೊಂದಾಗಿ ಹೋಲಿಸಬೇಕು. ತುಕ್ಕು ತಿಂದ ಅಂಕೆ ಬೇರೆ, ಉಜ್ಜಿ ಮತ್ತೆ ಹೊಡೆದ ಅಂಕೆ ಬೇರೆ. ಹಣ ಕೊಡುವ ದಿನವೇ 29 ಮತ್ತು 30ನೆಯ ನಮೂನೆಗಳಿಗೆ ಮಾಲಿಕರ ಸಹಿ ಪಡೆಯಬೇಕು. ನಾವು ನೋಡಿದ ಬಂಡಿಯ ಪತ್ರಗಳು ಸರಿಯಾಗಿದ್ದವು.

ನಾನು ಬಲಬದಿಯ ಸೀಲಿನ ಸಂಗತಿಯನ್ನು ಮಾಲಿಕರಿಗೆ ತಿಳಿಸಿ, ಆಕ್ಸಿಲರೇಟರಿನ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿದೆನು. ಅವರು ಎರಡು ಸಲ ತಿರುಗಿಸಿ, ತಲೆಯಾಡಿಸಿ, ಎಂಜಿನು ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಇಳಿಸಲು ಒಪ್ಪಿದರು. ಸೀಲು ಅಗ್ಗದ್ದು, ಹಣ ಬೀಳುವುದು ಬಿಚ್ಚಿ ಜೋಡಿಸುವ ಕೆಲಸಕ್ಕೆ.

ಮೆಕ್ಯಾನಿಕ್ ಎರಡೂ ಸೀಲುಗಳನ್ನು ಬದಲಿಸಿ, ಪೂರ್ಣ ಉದ್ದದ ಸೈಲೆನ್ಸರನ್ನು ಮರಳಿ ಕೂರಿಸಿದನು. ಹಳೆಯ ಬಲಬದಿಯ ಸೀಲನ್ನು ಹುಡುಗನು ಬೆರಳುಗಳ ನಡುವೆ ಒತ್ತಿ ನೋಡಿದನು. ರಬ್ಬರಿನ ತುಟಿ ಬಳೆಯಂತೆ ಗಟ್ಟಿಯಾಗಿ, ಬಗ್ಗದೆ ಬಿರುಕು ಬಿಟ್ಟಿತು. ಬಳಿಕ ಬಂಡಿಯನ್ನು ಓಡಿಸಿ ಬಿಸಿ ಮಾಡಿ, ಆಕ್ಸಿಲರೇಟರನ್ನು ತಿರುಗಿಸಿ ಬಿಟ್ಟನು. ಈ ಸಲ ಎಂಜಿನು ಕೂಡಲೆ ಇಳಿದು, ಡಬ್ ಡಬ್ ಎಂದು ಮಂದಗತಿಯಲ್ಲಿ ನಿಂತಿತು.