ಕೋಳಿಬಲೆಯಿಂದ ತಾರಸಿಯ ಡಿಶ್‌ವರೆಗೆ

ಬೆಂಗಳೂರಿಗೆ ಇನ್ನೂ ದೂರದರ್ಶನ ಬಂದಿರದ ಕಾಲದಲ್ಲಿ ಗುಲ್ಬರ್ಗ, ವಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಉಪಗ್ರಹದಿಂದ ನೇರವಾಗಿ ಇಳಿದ ಟೀವಿ ಕಾರ್ಯಕ್ರಮ ನೋಡುತ್ತಿದ್ದರು. ಅದು 'ಸೈಟ್' ಪ್ರಯೋಗ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಅದು ನಡೆಯಿತು. ಇದಕ್ಕಾಗಿ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಎರವಲು ಕೊಟ್ಟಿತ್ತು. ಊರ ನಡುವೆ ನೆಟ್ಟ ಆಂಟೆನಾ ಮೂರು ಮೀಟರ್ ಅಗಲದ್ದು. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿಬಲೆ.

ಅಷ್ಟು ತೂತುಗಳಿರುವ ಬಲೆ ಸಿಗ್ನಲ್ ಹಿಡಿದದ್ದಾದರೂ ಹೇಗೆ? ಎಟಿಎಸ್-6 ಹಳ್ಳಿಗಳಿಗೆ ಕಳಿಸುತ್ತಿದ್ದುದು 860 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅಲೆಗಿಂತ ತೀರ ಚಿಕ್ಕದಿದ್ದರೆ ಅಲೆಗೆ ಅದು ಗಟ್ಟಿ ತಗಡೇ. ಡಿಶ್, ಅದರ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಕೇಬಲ್, ರಿಸೀವರ್ ಪರಸ್ಪರ ಹೊಂದುತ್ತವೋ ಇಲ್ಲವೋ ಎಂಬ ಇಂದಿನ ಪ್ರಶ್ನೆ ಹುಟ್ಟುವುದೂ ಈ ಅಲೆಯ ಉದ್ದದಿಂದಲೇ. ಅಂಗಡಿಗೆ ಹೋಗುವ ಮುನ್ನ ಯಾವ ಉಪಗ್ರಹ, ಯಾವ ಬ್ಯಾಂಡ್ ಎಂದು ತೀರ್ಮಾನಿಸಿಕೊಂಡವರಿಗೆ ಉಳಿದದ್ದೆಲ್ಲ ಸುಲಭ. ಮೊದಲು ಡಿಶ್ ಕೊಂಡು ಆಮೇಲೆ ಉಪಗ್ರಹ ಹುಡುಕುವವರು ಎರಡು ಸಲ ದುಡ್ಡು ಕಳೆದುಕೊಳ್ಳುತ್ತಾರೆ.

ಮುಂದಿನ ಘಟ್ಟ ನಾಲ್ಕು ಗಿಗಾಹರ್ಟ್ಸ್ ಆಸುಪಾಸಿನ ಸಿ-ಬ್ಯಾಂಡಿನದು. 1991ರ ಕೊಲ್ಲಿ ಯುದ್ಧವನ್ನು ನಮ್ಮ ನಗರಗಳ ದೊಡ್ಡ ಹೋಟೆಲುಗಳು ಸಿಎನ್‌ಎನ್‌ನಲ್ಲಿ ತೋರಿಸಿದವು. ಅದೇ ವರ್ಷ ಏಷ್ಯಾಸ್ಯಾಟ್-1ರ ಮೂಲಕ ಸ್ಟಾರ್ ಟೀವಿ ಬಂತು. ಆ ಉಪಗ್ರಹದ್ದೇ ಒಂದು ಕತೆ. ವೆಸ್ಟಾರ್-6 ಎಂಬ ಹೆಸರಲ್ಲಿ 1984ರಲ್ಲಿ ಹಾರಿ, ದಾರಿ ತಪ್ಪಿ, ಅಮೆರಿಕದ ಬಾಹ್ಯಾಕಾಶ ನೌಕೆಯ ಯಾತ್ರಿಗಳು ಹಿಡಿದು ಭೂಮಿಗೆ ತಂದದ್ದನ್ನೇ ದುರಸ್ತಿ ಮಾಡಿ 1990ರಲ್ಲಿ ಚೀನಾದ ರಾಕೆಟ್‌ನಲ್ಲಿ ಮತ್ತೆ ಕಳಿಸಲಾಗಿತ್ತು. ಕೇಬಲ್‌ನವರ ತಾರಸಿಗಳ ಮೇಲೆ ಎಂಟು, ಹನ್ನೆರಡು ಅಡಿಯ ಡಿಶ್‌ಗಳು ಎದ್ದವು. ಸಿ-ಬ್ಯಾಂಡಿನ ಅಲೆ ಏಳೆಂಟು ಸೆಂಟಿಮೀಟರ್ ಉದ್ದದ್ದು. ಹಾಗಾಗಿ ಸಣ್ಣ ತೂತಿನ ಜಾಲರಿ ಸಾಕಾಯಿತು, ಗಾಳಿಯ ಹೊಡೆತವನ್ನೂ ಅದು ತಾಳಿಕೊಂಡಿತು.

ಡಿಶ್‌ನ ಬಾಯಲ್ಲಿ ಕೂರುವ ಎಲ್‌ಎನ್‌ಬಿ ಈ ಇಡೀ ವ್ಯವಸ್ಥೆಯ ಜಾಣ ಭಾಗ. ನಾಲ್ಕು ಗಿಗಾಹರ್ಟ್ಸ್ ಸಿಗ್ನಲ್ಲನ್ನು ಮಾಮೂಲಿ ಕೇಬಲಿನಲ್ಲಿ ಹರಿಸಿದರೆ ಮನೆ ಮುಟ್ಟುವ ಹೊತ್ತಿಗೆ ಬಹುಪಾಲು ಇಂಗಿಹೋಗಿರುತ್ತದೆ. ಅದಕ್ಕೇ ಡಿಶ್‌ನಲ್ಲೇ ಅದನ್ನು ಹಿಗ್ಗಿಸಿ, ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ ಕಳಿಸುವ ಉಪಾಯ ಬಂತು. ಸಿ-ಬ್ಯಾಂಡ್ ಎಲ್‌ಎನ್‌ಬಿಯೊಳಗೆ ಹೀಗೆ ಇಳಿಸಲು ನೆರವಾಗುವ ಆಸಿಲೇಟರ್ 5150 ಮೆಗಾಹರ್ಟ್ಸ್‌ನದು. 5150ರಿಂದ ಬ್ಯಾಂಡಿನ ಮೇಲಿನ ಅಂಚಾದ 4200 ಕಳೆದರೆ 950, ಕೆಳಗಿನ ಅಂಚಾದ 3700 ಕಳೆದರೆ 1450. ಚಿಕ್ಕ ಡಿಶ್‌ಗಳು ಹಿಡಿಯುವ ಕು-ಬ್ಯಾಂಡಿನ ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ 9750 ಮತ್ತು 10600 ಎಂಬ ಎರಡು ಆಸಿಲೇಟರ್ ಸಂಖ್ಯೆಗಳಿವೆ. ಎರಡೂ ಸೇರಿ 950ರಿಂದ 2150ರವರೆಗಿನ ಹರವು ಕೊಡುತ್ತವೆ. ರಿಸೀವರ್‌ನ ವಿವರಪಟ್ಟಿಯಲ್ಲಿ ಕಾಣುವ 950–2150 ಇದೇ. 10990ರಲ್ಲಿರುವ ಚಾನೆಲ್ಲು 9750 ಕಳೆದು 1240 ಆಗಿ ಕೆಳಗಿಳಿಯುತ್ತದೆ. ಮೆನುವಿನಲ್ಲಿ ಎಲ್‌ಎನ್‌ಬಿ ಸಂಖ್ಯೆ ತಪ್ಪಾಗಿ ಕೂತಿದ್ದರೆ ರಿಸೀವರ್ ಬೇರೆಲ್ಲೋ ತಡಕಾಡುತ್ತದೆ. ಡಿಶ್ ಎಷ್ಟೇ ಸರಿಯಾಗಿ ತಿರುಗಿಸಿದ್ದರೂ ಪರದೆ ಖಾಲಿ. ಇಂಥ ತಕರಾರಿಗೆ ಡಿಶ್ ಬಿಚ್ಚಿ ಮತ್ತೆ ಕಟ್ಟುವವರನ್ನು ಕಂಡಾಗ ಸಂಕಟವಾಗುತ್ತದೆ, ಎರಡು ಸಂಖ್ಯೆ ತಿದ್ದಿದ್ದರೆ ಮುಗಿಯುತ್ತಿತ್ತು.

ಅದೇ ಕೇಬಲಿನಲ್ಲಿ ಕೆಳಗಿನಿಂದ ಮೇಲಕ್ಕೂ ಸಂದೇಶ ಹೋಗುತ್ತದೆ. ರಿಸೀವರ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ಆರಿಸುವುದು ಲಂಬ ಅಲೆ, 18 ಕೊಟ್ಟರೆ ಅಡ್ಡ ಅಲೆ. 22 ಕಿಲೋಹರ್ಟ್ಸ್ ನಾದ ಬೆರೆಸಿದರೆ ಕು-ಬ್ಯಾಂಡಿನ ಮೇಲಿನ ಭಾಗ. ಆದ್ದರಿಂದ ಕೇಬಲ್ಲು ಆರ್‌ಜಿ-6 ಮಾದರಿಯ 75 ಓಮ್‌ನದ್ದಾಗಿರಬೇಕು, ಎಫ್ ಕನೆಕ್ಟರ್ ನೀರು ಹೊಗದಂತೆ ಬಿಗಿಯಾಗಿರಬೇಕು. ನಡುತಂತಿ ಕಿಲುಬು ಹಿಡಿದರೆ 18 ವೋಲ್ಟ್ ಮೇಲೆ ತಲುಪದೆ ಅರ್ಧ ಚಾನೆಲ್ಲುಗಳು ಮಾತ್ರ ಮಾಯವಾಗುತ್ತವೆ.

ಇಷ್ಟೆಲ್ಲ ಸಿದ್ಧವಿದ್ದರೂ ಚಿಕ್ಕ ಡಿಶ್ ನಮ್ಮ ಮನೆಗಳಿಗೆ ತಡವಾಗಿ ಬಂತು. 1997ರ ಜುಲೈಯಲ್ಲಿ ಕೇಂದ್ರ ಸರ್ಕಾರ 4800 ಮೆಗಾಹರ್ಟ್ಸ್‌ಗಿಂತ ಮೇಲಿನ ಸಿಗ್ನಲ್ ಹಿಡಿಯುವ ಉಪಕರಣಗಳನ್ನೇ ನಿಷೇಧಿಸಿತು. ಅಂದರೆ ಸಿ-ಬ್ಯಾಂಡಿಗೆ ಅವಕಾಶ, ಕು-ಬ್ಯಾಂಡಿಗೆ ಇಲ್ಲ. 2000ದ ನವೆಂಬರಿನಲ್ಲಿ ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ಡಿಟಿಎಚ್ ಸೇವೆಗೆ ಒಪ್ಪಿಗೆ ಸಿಕ್ಕಿತು. 2003ರಲ್ಲಿ ಡಿಶ್ ಟೀವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆ ಶುರುವಾದವು. 2001ರ ಡಿಟಿಎಚ್ ಮಾರ್ಗಸೂಚಿ ಒಂದು ಒಳ್ಳೆಯ ಷರತ್ತು ಹಾಕಿತ್ತು: ಸೆಟ್‌ಟಾಪ್ ಬಾಕ್ಸ್ ಮುಕ್ತ ವಿನ್ಯಾಸದ್ದಾಗಿರಬೇಕು, ಒಬ್ಬರ ಬಾಕ್ಸ್ ಇನ್ನೊಬ್ಬರ ಸೇವೆಗೂ ಬರಬೇಕು. ಕಂಪನಿ ಬದಲಿಸಿದಾಗಲೆಲ್ಲ ಹಳೆ ಬಾಕ್ಸನ್ನು ಅಟ್ಟಕ್ಕೆ ಎಸೆದ ಮನೆಗಳಿಗೆ ಆ ಷರತ್ತಿನ ಪ್ರಯೋಜನ ಸಿಗಲಿಲ್ಲ. ಇದು ಗ್ರಾಹಕರಿಗಾದ ನಿಜವಾದ ಅನ್ಯಾಯ. ಬೇಕಾದ ಭಾಗವನ್ನು ಬೇಕಾದಲ್ಲಿ ಕೊಂಡು ಜೋಡಿಸುವ ಸ್ವಾತಂತ್ರ್ಯ ಇಂದು ಮುಖ್ಯವಾಗಿ ಉಳಿದಿರುವುದು ದೂರದರ್ಶನದ ಆ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ.

ಆ ಸೇವೆ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ ಬರುತ್ತದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಆದರೂ ಡಿಶ್ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ. ಅದು ಆಫ್‌ಸೆಟ್ ಡಿಶ್, ದೊಡ್ಡ ಬೋಗುಣಿಯ ಒಂದು ಬದಿಯ ತುಂಡು. ಅದರ ಎಲ್‌ಎನ್‌ಬಿ ನಡುವೆ ಕೂರದೆ ಕೆಳಗಿನ ತೋಳಿನ ತುದಿಯಲ್ಲಿರುತ್ತದೆ. ಹಳೆಯ ಎಂಟಡಿಯ ಡಿಶ್‌ಗೆ ಈ ಎಲ್‌ಎನ್‌ಬಿ ಸಿಕ್ಕಿಸಿದರೆ ಅದು ಡಿಶ್‌ನ ನಡುಭಾಗವನ್ನಷ್ಟೇ ನೋಡುತ್ತದೆ, ಅಂಚು ವ್ಯರ್ಥ. ರಿಸೀವರ್ ಆರಿಸುವಾಗ ಡಿವಿಬಿ-ಎಸ್2 ಹಾಗೂ ಎಂಪೆಗ್-4 ಇದೆಯೇ ಎಂದು ಕೇಳಿ. ಬರೀ ಎಂಪೆಗ್-2 ಬಲ್ಲ ಅಗ್ಗದ ಬಾಕ್ಸಿಗೆ ಹೊಸ ಬಗೆಯ ಚಾನೆಲ್ಲುಗಳು ತೆರೆಯುವುದಿಲ್ಲ.

ಮಲೆನಾಡು, ಕರಾವಳಿಯವರು ಅರವತ್ತರ ಬದಲು ತೊಂಬತ್ತು ಸೆಂಟಿಮೀಟರ್ ಡಿಶ್ ಹಾಕಿಸುವುದು ಒಳ್ಳೆಯದು. ಕು-ಬ್ಯಾಂಡಿನ ಎರಡೂವರೆ ಸೆಂಟಿಮೀಟರ್ ಅಲೆಯನ್ನು ಜಡಿಮಳೆಯ ಹನಿಗಳು ನುಂಗುತ್ತವೆ, ದೊಡ್ಡ ಡಿಶ್ ಆ ನಷ್ಟವನ್ನು ಒಂದಷ್ಟು ತುಂಬಿಕೊಡುತ್ತದೆ. ಸಿ-ಬ್ಯಾಂಡಿನ ಉದ್ದ ಅಲೆಗೆ ಮಳೆ ಅಷ್ಟು ಬಾಧಿಸದು. ಕೇಬಲ್‌ನವರ ತಾರಸಿಯಲ್ಲಿ ದೊಡ್ಡ ಡಿಶ್‌ಗಳು ಇನ್ನೂ ಉಳಿದಿರುವುದಕ್ಕೆ ಇದೂ ಒಂದು ಕಾರಣ.