ಗಣಿಕೆ ಸೊಪ್ಪು ವಿಷವೇ? ಹೆಸರು ತಂದ ಎಡವಟ್ಟು

‘ಗಣಿಕೆ ಸೊಪ್ಪು ತಿನ್ನಬೇಡಿ, ಅದು ಪ್ರಾಣ ತೆಗೆಯುವ ನೈಟ್‌ಶೇಡ್, ಎಲ್ಲರಿಗೂ ತಿಳಿಸಿ’ ಎನ್ನುವ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ವಿಜಯನಗರದ ಮಾರ್ಕೆಟ್ಟಿನಲ್ಲಿ ದಂಟು, ಸಬ್ಬಸಿಗೆ ಪಕ್ಕದಲ್ಲೇ ಕಟ್ಟು ಕಟ್ಟಾಗಿ ಸಿಗುವ, ಬಾಯಿಹುಣ್ಣಾದರೆ ಅಜ್ಜಿಯರು ತಂಬುಳಿ ಮಾಡಿಕೊಡುವ ಸೊಪ್ಪು ಇದು. ನಿಜಕ್ಕೂ ವಿಷವೇ?

ಅಲ್ಲ. ಯಾರೋ ಇಂಗ್ಲಿಷ್ ಹೆಸರು ನೋಡಿ ಎರಡು ಗಿಡಗಳನ್ನು ಒಂದು ಮಾಡಿದ್ದಾರೆ.

ರಾಜಾಜಿನಗರದ ಒಂದೇ ಬೀದಿಯಲ್ಲಿ ನಾಲ್ಕು ಮನೆ ಕೇಳಿದರೆ ಈ ಗಿಡಕ್ಕೆ ನಾಲ್ಕು ಹೆಸರು ಸಿಗುತ್ತವೆ. ನಮಗೆ ಗಣಿಕೆ, ಕೆಲವರಿಗೆ ಕಾಕಿ ಸೊಪ್ಪು. ತಮಿಳಿನವರಿಗೆ ಮಣತ್ತಕ್ಕಾಳಿ, ತೆಲುಗಿನವರಿಗೆ ಕಾಮಂಚಿ, ಹಿಂದಿಯವರಿಗೆ ಮಕೋಯ್. ಇಂಗ್ಲಿಷಿನಲ್ಲಿ ಬ್ಲ್ಯಾಕ್ ನೈಟ್‌ಶೇಡ್. ಎಡವಟ್ಟು ಶುರುವಾಗುವುದು ಇಲ್ಲೇ. ಯೂರೋಪಿನಲ್ಲಿ ಡೆಡ್ಲಿ ನೈಟ್‌ಶೇಡ್ ಎಂಬ ಇನ್ನೊಂದು ಗಿಡವಿದೆ, ಅದು ನಿಜವಾಗಿಯೂ ಕೊಲ್ಲುತ್ತದೆ.

ವೈಜ್ಞಾನಿಕ ಹೆಸರು ನೋಡಿದರೆ ಗೊಂದಲ ಕರಗುತ್ತದೆ. ಗಣಿಕೆ ಸೊಲಾನಮ್ ನೈಗ್ರಮ್, ಆ ವಿಷದ ಗಿಡ ಅಟ್ರೋಪ ಬೆಲ್ಲಡೋನ. ಎರಡಕ್ಕೂ 1753ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ಲಿನೇಯಸ್. ಒಂದೇ ಕುಟುಂಬದವು, ನಿಜ. ಆದರೆ ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿಯೂ ಅದೇ ಕುಟುಂಬ! ಗಣಿಕೆಯ ಹೂವು ಪುಟ್ಟದು, ಬಿಳಿ. ಬಟಾಣಿ ಗಾತ್ರದ ಹಣ್ಣು ಗೊಂಚಲಲ್ಲಿ ಬಿಡುತ್ತದೆ. ಬೆಲ್ಲಡೋನದ ಹೂವು ಗಂಟೆಯಾಕಾರದ್ದು, ಮಾಸಲು ನೇರಳೆ. ಹಣ್ಣು ದೊಡ್ಡದು, ಒಂಟಿಯಾಗಿ ಬಿಡುತ್ತದೆ. (ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ನಾವು ಗಣಿಕೆ ಎನ್ನುವುದರಲ್ಲೇ ಎರಡು ಮೂರು ಹತ್ತಿರದ ಪ್ರಭೇದಗಳಿವೆ ಎನ್ನುತ್ತಾರೆ. ಕೆಲವುದರ ಹಣ್ಣು ಕಪ್ಪು, ಕೆಲವುದರದು ಕಿತ್ತಳೆ ಕೆಂಪು.)

ಫಾರ್ವರ್ಡಿನಲ್ಲಿ ಒಂದೆಳೆ ಸತ್ಯವೂ ಇದೆ. ಗಣಿಕೆಯ ಹಸಿರು ಕಾಯಿಯಲ್ಲಿ ಸೊಲಾನಿನ್ ಹೆಚ್ಚು. ಹಸಿರುಗಟ್ಟಿದ ಆಲೂಗಡ್ಡೆಯಲ್ಲಿ ಇರುವುದೂ ಅದೇ. ಮಕ್ಕಳು ಕಾಯಿ ಕಿತ್ತು ತಿಂದರೆ ವಾಂತಿ, ಹೊಟ್ಟೆನೋವು ಬರಬಹುದು. ಚೆನ್ನಾಗಿ ಮಾಗಿದ ಹಣ್ಣು, ಬೇಯಿಸಿದ ಎಳೆ ಸೊಪ್ಪು ತಲೆಮಾರುಗಳಿಂದ ಊಟದ ತಟ್ಟೆಯಲ್ಲಿದೆ. ಹಸಿ ಸೊಪ್ಪನ್ನು ಲೋಟಗಟ್ಟಲೆ ಜ್ಯೂಸ್ ಮಾಡಿ ಕುಡಿಯಿರಿ ಎನ್ನುವ ಇನ್ನೊಂದು ಬಗೆಯ ಸಲಹೆಯನ್ನೂ ನಾವು ಒಪ್ಪುವುದಿಲ್ಲ.

ನಮಗೆ ಹೆಚ್ಚು ಚಿಂತೆ ಬೇರೆ ಗಿಡದ್ದು. ಬೆಲ್ಲಡೋನ ಬೆಂಗಳೂರಿನ ಬೀದಿಯಲ್ಲಿ ಬೆಳೆಯುವುದಿಲ್ಲ, ಉಮ್ಮತ್ತಿ ಬೆಳೆಯುತ್ತದೆ. ಕೆಂಗೇರಿ ಕಡೆಯ ಖಾಲಿ ಸೈಟುಗಳಲ್ಲಿ ಬೆರಕೆ ಸೊಪ್ಪು ಕೀಳುವವರು ಇದನ್ನು ಗಮನಿಸಬೇಕು. ಬೆಲ್ಲಡೋನದಲ್ಲಿರುವ ಅಟ್ರೋಪಿನ್ ಉಮ್ಮತ್ತಿಯಲ್ಲೂ ಇದೆ. ತುತ್ತೂರಿಯಂಥ ಹೂವು, ಮುಳ್ಳಿನ ಕಾಯಿ ಕಂಡರೆ ಗುರುತು ಸುಲಭ. ಎಳೆ ಗಿಡದಲ್ಲಿ ಬರೀ ಎಲೆಯಷ್ಟೇ ಇದ್ದಾಗ ಮೋಸ ಹೋಗುತ್ತೇವೆ. ಗುರುತು ಸಿಗದ ಎಲೆಯನ್ನು ಅಲ್ಲೇ ಬಿಡಿ.

ಸೊಪ್ಪು ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮಾತು ತೊದಲಿ ಬಡಬಡಿಸಲು ಶುರುವಾದರೆ ಮನೆಮದ್ದು ಬೇಡ. ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದ ಸೊಪ್ಪು ಅಥವಾ ಗಿಡದ ಒಂದು ಟೊಂಗೆ ಜೊತೆಗಿರಲಿ. ಹೆಸರು ಯಾವ ಭಾಷೆಯದ್ದಾದರೂ, ವೈದ್ಯರಿಗೆ ಗಿಡ ನೋಡಿದರೆ ಗೊತ್ತಾಗುತ್ತದೆ.